ಅಕ್ಕನ ಮಗಳು ರೋಮನ್ ಪುರಾತತ್ವ ಓದ್ತಾಳಂತೆ, ಏನು ಹೇಳಲಿ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ನಮ್ಮಕ್ಕನ ಮಗಳು ಶಿವಮೊಗ್ಗದಲ್ಲಿ ಬಿ.ಎ. ಕೊನೆ ವರ್ಷ. ಇತಿಹಾಸ ತಗೊಂಡಿದ್ದಕ್ಕೇ ಭಾವ ಒಂದು ತಿಂಗಳು ಮುಖ ಕೊಟ್ಟು ಮಾತಾಡಿರಲಿಲ್ಲ. ಈಗ ಅವಳು ರೋಮನ್ನರ ಇತಿಹಾಸ, ಪುರಾತತ್ವ ಓದ್ತೀನಿ, ಪಿಎಚ್‌ಡಿ ಮಾಡ್ತೀನಿ, ಮುಂದೆಯೂ ಅದೇ ಕೆಲಸ ಅಂತ ಪಟ್ಟು ಹಿಡಿದಿದ್ದಾಳೆ. ಹಂಪಿ, ಬಾದಾಮಿ ಅಂದಿದ್ದರೆ ಹೇಗೋ ಒಪ್ಪಿಸಬಹುದಿತ್ತು. ಎರಡು ಸಾವಿರ ವರ್ಷದ ಹಿಂದೆ ಎಲ್ಲೋ ಸತ್ತವರ ಗೊಡವೆ ಇವಳಿಗ್ಯಾಕೆ ಅಂತ ಮನೆಯಲ್ಲಿ ದಿನಾ ಗಲಾಟೆ. "ಮಾವನ ಮಾತು ಕೇಳ್ತಾಳೆ, ನೀನೇ ಹೇಳು" ಅಂತ ನನ್ನ ತಲೆಗೆ ಕಟ್ಟಿದ್ದಾರೆ. ನನಗೆ ಗೊತ್ತಿರೋದು ಅಡಿಕೆ, ಮೆಣಸು ಅಷ್ಟೇ. ಹೀಗೊಂದು ಕೆಲಸ ನಿಜವಾಗಿಯೂ ಇದೆಯಾ? ನಮ್ಮ ಕಡೆಯವರು ಯಾರಾದರೂ ಮಾಡಿದ್ದಾರಾ? ಹೊಟ್ಟೆ ತುಂಬುತ್ತಾ?

ಲೆಕ್ಕದವ:
ಬಿ.ಎಡ್. ಮಾಡಿಸಿ. ಆಮೇಲೆ ಬೇಕಾದರೆ ರಜಾದಲ್ಲಿ ರೋಮ್ ನೋಡಿಕೊಂಡು ಬರಲಿ.

ಮಣ್ಣಂಗೈ:
ನಾನು ಮಾಡ್ತಿರೋದು ಇದೇ ಕೆಲಸ, ಹಾಗಾಗಿ ಸುಮ್ನೆ ಇರೋಕೆ ಆಗಲಿಲ್ಲ. ಹಾಸನ ಕಡೆಯವಳು. ಮೈಸೂರಲ್ಲಿ ಎಂ.ಎ., ಆಮೇಲೆ ಇಂಗ್ಲೆಂಡಿನಲ್ಲಿ ಇನ್ನೊಂದು ಎಂ.ಎ., ಪಿಎಚ್‌ಡಿ. ರೋಮನ್ ಕಾಲದ ಮಡಕೆ ಚೂರು ನೋಡಿ ವರದಿ ಬರೆಯೋದು ನನ್ನ ಹೊಟ್ಟೆಪಾಡು. ಚಿಕ್ಕವರಿದ್ದಾಗ ಕುಂಟೆಬಿಲ್ಲೆ ಆಡೋಕೆ ಬೋಕಿ ಆರಿಸ್ತಿದ್ದೆವಲ್ಲ, ಅದನ್ನೇ ಈಗ ಸಂಬಳ ತಗೊಂಡು ಆರಿಸ್ತೀನಿ ಅಂತ ನಮ್ಮಮ್ಮ ಬಂದವರಿಗೆಲ್ಲ ಹೇಳ್ತಾರೆ.

ಅವಳ ತಲೆಯಲ್ಲಿ ಗ್ಲಾಡಿಯೇಟರ್, ಸೀಸರ್ ಇದ್ದರೆ ಮೊದಲು ಅದನ್ನು ಇಳಿಸಿ. ದಿನದ ಕೆಲಸ ಹೀಗಿರುತ್ತೆ. ಒಂದು ಬಕೆಟ್ ತಣ್ಣೀರು, ಒಂದು ಹಳೇ ಟೂತ್‌ಬ್ರಷ್, ಒಂದು ಮೂಟೆ ಚೂರು. ತೊಳೆದು ತಟ್ಟೆಯಲ್ಲಿ ಒಣಗಿಸಬೇಕು. ಒಂದೊಂದರ ಮೇಲೂ ಸಣ್ಣ ಪೆನ್ನಿನಲ್ಲಿ ನಂಬರ್ ಬರೆಯಬೇಕು. ತೂಗಬೇಕು. ಇಕ್ಕಳದಿಂದ ಅಂಚು ಚೂರೇ ಚೂರು ಮುರಿದು, ಹೊಸ ಬಿರುಕಿನಲ್ಲಿ ಮರಳೆಷ್ಟು, ಸುಣ್ಣದ ಕಲ್ಲೆಷ್ಟು ಅಂತ ಭೂತಗನ್ನಡಿಯಲ್ಲಿ ನೋಡಬೇಕು. ಮಣ್ಣು ಎಲ್ಲಿಯದು ಅಂತ ಗೊತ್ತಾಗೋದು ಅಲ್ಲೇ. ಕಂಠದ ಚೂರು ಸಿಕ್ಕರೆ, ಒಂದರೊಳಗೊಂದು ವೃತ್ತ ಬರೆದ ಹಾಳೆಯ ಮೇಲೆ ಅದನ್ನು ನಿಲ್ಲಿಸಿ, ಯಾವ ವೃತ್ತಕ್ಕೆ ಸರಿಯಾಗಿ ಕೂರುತ್ತೆ ನೋಡಿದರೆ ಮಡಕೆಯ ಬಾಯಗಲ ತಿಳಿಯುತ್ತೆ. ಸಂಜೆ ಹೊತ್ತಿಗೆ ಬೆರಳು ಒಣಗಿದ ಹುಣಸೆಹಣ್ಣಿನ ಹಾಗೆ ಆಗಿರುತ್ತವೆ.

ಬೇಜಾರಿನ ಕೆಲಸ ಅನಿಸಬಹುದು. ನನಗೆ ಅನಿಸಿಲ್ಲ. ಒಂದು ಸಲ ಹೆಂಚಿನ ತುಂಡು ತೊಳೆಯುವಾಗ ನಾಲ್ಕು ಬೆರಳಿನ ಗುರುತು ಬಂತು. ನಾಯಿಯದು. ಹಸಿ ಹೆಂಚು ಒಣಗಲು ಹಾಕಿದ್ದಾಗ ಅದರ ಮೇಲೆ ನಡೆದು ಹೋಗಿದೆ. ನಮ್ಮ ಬೀದಿಯಲ್ಲಿ ಹೊಸ ಸಿಮೆಂಟ್ ಹಾಕಿದ ದಿನವೇ ನಾಯಿ ಬರುತ್ತಲ್ಲ, ಹಾಗೆ. ಇಂಥ ಹೆಂಚು ಬ್ರಿಟನ್‌ನಲ್ಲಿ ಬೇಕಾದಷ್ಟು ಸಿಕ್ಕಿವೆ, ಅಪರೂಪವೇನಲ್ಲ. ಆದರೂ ಆ ದಿನ ನಾನು ಬ್ರಷ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ರೋಮಿನಲ್ಲೇ ಟೆಸ್ಟಾಚೊ ಅಂತ ಒಂದು ಗುಡ್ಡ ಇದೆ. ಸುಮಾರು 35 ಮೀಟರ್ ಎತ್ತರ. ನೋಡೋಕೆ ಮಾಮೂಲಿ ಗುಡ್ಡ, ಹುಲ್ಲು ಬೆಳೆದಿದೆ. ಅಗೆದರೆ ಮಣ್ಣಿಲ್ಲ, ಪೂರ್ತಿ ಒಡೆದ ಎಣ್ಣೆ ಗುಡಾಣ. ಐದು ಕೋಟಿಗೂ ಜಾಸ್ತಿ ಗುಡಾಣಗಳು ಅಂತ ಅಂದಾಜು. ಹೆಚ್ಚಿನವು ದಕ್ಷಿಣ ಸ್ಪೇನಿನಿಂದ ಆಲಿವ್ ಎಣ್ಣೆ ತುಂಬಿಕೊಂಡು ಬಂದವು, ಒಂದೊಂದರಲ್ಲಿ ಸುಮಾರು 70 ಲೀಟರ್. ಎಣ್ಣೆ ಒಳಗೆ ಇಳಿದು ಕಮಟು ವಾಸನೆ ಹೊಡೆಯುತ್ತಿತ್ತು, ಮತ್ತೆ ತುಂಬಿಸೋಕೆ ಬರುತ್ತಿರಲಿಲ್ಲ. ಒಡೆದು ಸಾಲಾಗಿ ಪೇರಿಸಿ ಮೇಲೆ ಸುಣ್ಣ ಚೆಲ್ಲುತ್ತಿದ್ದರು. ಗುಡಾಣದ ಭುಜದ ಮೇಲೆ ಮಸಿಯಲ್ಲಿ ತೂಕ, ಸಾಗಿಸಿದ ವ್ಯಾಪಾರಿಯ ಹೆಸರು. ಹೈನ್ರಿಕ್ ಡ್ರೆಸೆಲ್ ಅನ್ನುವ ಜರ್ಮನ್ ವಿದ್ವಾಂಸ 19ನೇ ಶತಮಾನದಲ್ಲಿ ಕೂತು ಈ ಬರಹ ಓದಿದ. ಗುಡಾಣಗಳನ್ನು ಆಕಾರ ನೋಡಿ ವಿಂಗಡಿಸಿ ನಂಬರ್ ಕೊಟ್ಟ. ಆ ದುಂಡು ಹೊಟ್ಟೆಯ ಎಣ್ಣೆ ಗುಡಾಣಕ್ಕೆ ನಾವು ಇವತ್ತಿಗೂ "ಡ್ರೆಸೆಲ್ 20" ಅಂತಲೇ ಅನ್ನೋದು. ಯಾವ ಊರಿನ ಎಣ್ಣೆಯನ್ನು ಯಾವ ಊರಿನ ಸಿಪಾಯಿ ತಿಂದ ಅಂತ ಹೇಳೋಕೆ ಆಗೋದು ಈ ಚೂರುಗಳಿಂದ. ಸೀಸರ್ ಬರೆದಿದ್ದರಲ್ಲಿ ಅದು ಸಿಗಲ್ಲ.

ಊಟದ ಹೊತ್ತಾಯ್ತು. ದುಡ್ಡಿನ ವಿಷಯ ಆಮೇಲೆ ಬರೀತೀನಿ.

ಹಳೇನಾಣ್ಯ:
ಮೇಡಂ ಬರೆದಿದ್ದು ಓದಿ ಖುಷಿಯಾಯಿತು. ನಾನು ಬ್ಯಾಂಕಿನಿಂದ ನಿವೃತ್ತ, ನಾಣ್ಯದ ಹುಚ್ಚು. ರೋಮ್ ನಮಗ್ಯಾಕೆ ಅನ್ನುವವರಿಗೆ ಒಂದು ಮಾತು. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ರೈಲು ಕೆಲಸಕ್ಕೆ ಅಗೆಯುವಾಗ ಒಂದು ಮಡಕೆ ಸಿಕ್ಕಿತು, ಅದರಲ್ಲಿ 163 ರೋಮನ್ ಬೆಳ್ಳಿ ನಾಣ್ಯ. 1965ರಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ಹತ್ತಿರ ಇನ್ನೂ 256. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಆಗಸ್ಟಸ್, ಟಿಬೇರಿಯಸ್ ಅನ್ನುವ ರೋಮನ್ ಚಕ್ರವರ್ತಿಗಳ ನಾಣ್ಯ ಸಿಕ್ಕಿವೆ. ಅಂದರೆ ರೋಮನ್ನರು ಚಿತ್ರದುರ್ಗಕ್ಕೆ ಬಂದು ಹೋಗಿದ್ದರು. ಹುಡುಗಿ ಆ ವಿಷಯವನ್ನೇ ಹಿಡಿದರೆ ಮನೆ ಬಾಗಿಲಲ್ಲೇ ರೋಮ್.

ಮಣ್ಣಂಗೈ:
ಸರ್, ನಾಣ್ಯ ಬಂತು ಅಂದರೆ ರೋಮನ್ ಬಂದ ಅಂತಲ್ಲ. ನಮ್ಮ ಸಂತೆಗೆ ದುಬೈ ಖರ್ಜೂರ ಬಂದರೆ ಶೇಖ್ ಬಂದಂತಲ್ಲ, ಅಲ್ವಾ? ಬಂದರಿನಿಂದ ಒಳನಾಡಿಗೆ ಹತ್ತಾರು ಕೈ ಬದಲಾಗಿ ಬಂದಿರುತ್ತೆ. ಬೆಳ್ಳಿ ಅಂದರೆ ಬೆಳ್ಳಿ, ಮುಖ ಯಾರದ್ದಾದರೇನು.

ಆದರೆ ಚಂದ್ರವಳ್ಳಿ ನಿಜಕ್ಕೂ ದೊಡ್ಡ ಜಾಗ. 1928-29ರ ಹೊತ್ತಿಗೇ ಮೈಸೂರಿನ ಎಂ.ಎಚ್. ಕೃಷ್ಣ ಅಲ್ಲಿ ಅಗೆದಿದ್ದರು. 1945ರಲ್ಲಿ ಪಾಂಡಿಚೇರಿ ಹತ್ತಿರದ ಅರಿಕಮೇಡಿನಲ್ಲಿ ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್‌ಗೆ ಇಟಲಿಯ ಅರೆಟೈನ್ ಕೆಂಪು ತಟ್ಟೆ ಚೂರು ಸಿಕ್ಕವು. ಆ ತಟ್ಟೆಯ ಕಾಲ ಇಟಲಿಯಲ್ಲಿ ಮೊದಲೇ ಗೊತ್ತಿತ್ತು. ಹಾಗಾಗಿ ಅದೇ ಪದರದ ನಮ್ಮ ಮಡಕೆಗಳಿಗೂ ಕಾಲ ಸಿಕ್ಕಿತು. ಆ ಎಳೆ ಹಿಡಿದೇ 1947ರಲ್ಲಿ ಅವರು ಬ್ರಹ್ಮಗಿರಿ, ಚಂದ್ರವಳ್ಳಿಗೆ ಬಂದದ್ದು. ಇದರಲ್ಲೊಂದು ತಮಾಷೆ ಇದೆ. ಸಣ್ಣ ಸಣ್ಣ ಗೀರಿನ ಸುತ್ತು ಇರುವ ರೂಲೆಟೆಡ್ ತಟ್ಟೆಯನ್ನು ಆಗ ಮೆಡಿಟರೇನಿಯನ್ ಕಡೆಯ ಕಸುಬು ಅಂದುಕೊಂಡಿದ್ದರು. ಮಣ್ಣನ್ನು ಪರೀಕ್ಷೆ ಮಾಡಿದ ಮೇಲೆ ತಿಳಿಯಿತು, ಅದು ಇಂಡಿಯಾದ್ದೇ. ಮಣ್ಣು ಸುಳ್ಳು ಹೇಳಲ್ಲ, ನೋಡೋರು ಹೇಳ್ತಾರೆ.

ಇನ್ನೊಂದು ಮಾತು ಸ್ವಲ್ಪ ಖಾರವಾಗಿಯೇ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. "ಇಂಡಿಯಾದವಳು, ಇಂಡಿಯಾ-ರೋಮ್ ವ್ಯಾಪಾರವನ್ನೇ ಮಾಡು" ಅನ್ನೋದನ್ನು ನಾನು ಹದಿನಾಲ್ಕು ವರ್ಷದಿಂದ ಕೇಳ್ತಾ ಇದ್ದೀನಿ. ಇಲ್ಲಿಯವರೂ ಅಂತಾರೆ, ಅಲ್ಲಿಯವರೂ ಅಂತಾರೆ. ಒಳ್ಳೆಯ ವಿಷಯವೇ. ಕೆಂಪು ಸಮುದ್ರದ ಬೆರೆನಿಕೆ ಬಂದರಿನ ದೇವಸ್ಥಾನದಲ್ಲಿ ಇಂಡಿಯಾದ ಗುಡಾಣವೊಂದರಲ್ಲಿ ಏಳೂವರೆ ಕೆಜಿ ಕಾಳುಮೆಣಸು ಸಿಕ್ಕಿದೆ ಅಂದರೆ ಯಾರಿಗೆ ಆಸೆ ಆಗಲ್ಲ? ಆದರೆ ನನಗೆ ಇಷ್ಟವಾದದ್ದು ಉತ್ತರ ಇಂಗ್ಲೆಂಡಿನ ಅಡುಗೆ ಮಡಕೆ. ಕಿಟೆಲ್ ಜರ್ಮನಿಯಿಂದ ಬಂದು ಕನ್ನಡ ನಿಘಂಟು ಮಾಡಿದರು, 1894ರಲ್ಲಿ ಅಚ್ಚಾಯ್ತು. ನಿಮ್ಮ ಜರ್ಮನಿ ಬಿಟ್ಟು ನಮ್ಮ ಪದಗಳ ಗೊಡವೆ ಯಾಕೆ ಅಂತ ನಾವೇನಾದರೂ ಕೇಳಿದ್ವಾ? ಪ್ರತಿಮೆ ಮಾಡಿ ನಿಲ್ಲಿಸಿದೆವು. ಹಾಸನದವಳು ರೋಮನ್ ಮಡಕೆ ಮುಟ್ಟಿದರೆ ಮಾತ್ರ "ನಿನಗ್ಯಾಕೆ".

ಕರಾವಳಿಗ:
ಮೇಡಂ, ಈಜಿಪ್ಟಿನಲ್ಲಿ ಸಿಕ್ಕ ಗ್ರೀಕ್ ನಾಟಕದಲ್ಲಿ ಕನ್ನಡ ಮಾತು ಇದೆ ಅಂತಾರಲ್ಲ? ಗೋವಿಂದ ಪೈ ಕೂಡ ಬರೆದಿದ್ದಾರೆ. ಅದೇ ಸಾಕಲ್ಲ ಪಿಎಚ್‌ಡಿಗೆ!

ಮಣ್ಣಂಗೈ:
ಇದು ಬರುತ್ತೆ ಅಂತ ಗೊತ್ತಿತ್ತು :) ಆಕ್ಸಿರಿಂಕಸ್ ಪಪೈರಸ್ 413. ಪಪೈರಸ್ ಅಂದರೆ ಜೊಂಡಿನಿಂದ ಮಾಡಿದ ಹಳೇ ಕಾಲದ ಹಾಳೆ. ಈಜಿಪ್ಟಿನ ಊರೊಂದರ ಕಸದ ತಿಪ್ಪೆಗಳಲ್ಲಿ ಗ್ರೆನ್‌ಫೆಲ್, ಹಂಟ್ ಅನ್ನುವ ಇಬ್ಬರು ಅಗೆದು ತೆಗೆದ ಪಪೈರಸ್‌ಗಳಲ್ಲಿ ಒಂದು. 1903ರಲ್ಲಿ ಅಚ್ಚಾಯ್ತು. ಪ್ರಹಸನ. ಗ್ರೀಕ್ ಹುಡುಗಿ ಕರಿತಿಯಾನ್ ಇಂಡಿಯಾದ ಕರಾವಳಿಯಲ್ಲಿ ರಾಜನೊಬ್ಬನ ಕೈಗೆ ಸಿಕ್ಕಿರ್ತಾಳೆ. ಅಣ್ಣನೂ ಸಂಗಡಿಗರೂ ರಾಜನ ಕಡೆಯವರಿಗೆ ಚೆನ್ನಾಗಿ ಕುಡಿಸಿ ಅವಳನ್ನು ಬಿಡಿಸಿಕೊಂಡು ಹೋಗ್ತಾರೆ. ನಡುವೆ ರಾಜನ ಕಡೆಯವರು ಅರ್ಥವಾಗದ ಭಾಷೆಯಲ್ಲಿ ಮಾತಾಡ್ತಾರೆ. 1904ರಲ್ಲಿ ಹುಲ್ಟ್ಷ್ ಅನ್ನುವ ಶಾಸನ ವಿದ್ವಾಂಸರು ಅದು ಕನ್ನಡ ಅಂದರು. ಶಾಮಶಾಸ್ತ್ರಿಗಳು, ಗೋವಿಂದ ಪೈಗಳು ಮುಂದುವರಿಸಿದರು. ಬಾರ್ನೆಟ್ ಅನ್ನುವ ಇಂಗ್ಲಿಷ್ ವಿದ್ವಾಂಸರು ಒಪ್ಪಲಿಲ್ಲ.

ನನಗೂ ಪೂರ್ತಿ ಒಪ್ಪಿಗೆ ಇಲ್ಲ. ಪ್ರೇಕ್ಷಕರನ್ನು ನಗಿಸೋಕೆ ಬರೆದ ಬಡಬಡಿಕೆ ಕೂಡ ಆಗಿರಬಹುದು. ನಮ್ಮ ಹಳೇ ಸಿನಿಮಾಗಳಲ್ಲಿ ಕಾಡುಜನ "ಜಿಂಗಾಲಾಲಾ" ಅನ್ನಲ್ವಾ, ಹಾಗೆ. ಆದರೆ ಈ ಜಗಳಕ್ಕೆ ಇಳಿಯೋಕೆ ಒಂದೇ ಶರತ್ತು: ಗ್ರೀಕ್ ಬರಬೇಕು, ಹಳಗನ್ನಡವೂ ಬರಬೇಕು. ಎರಡೂ ಬರುವವರು ತೀರಾ ಕಡಿಮೆ. ಹುಡುಗಿ ಕಲಿತರೆ ನಾನೇ ಅವಳ ಮಾತು ಕೇಳ್ತೀನಿ.

ಫಾದರ್ ಆಗದವ:
ಭಾಷೆಯ ಮಾತು ಬಂದಿದ್ದಕ್ಕೆ ನನ್ನ ಎರಡು ಕಾಸು. ಹುಡುಗನಾಗಿದ್ದಾಗ ಮಂಗಳೂರು ಕಡೆ ಸೆಮಿನರಿಯಲ್ಲಿ ಮೂರು ವರ್ಷ ಲ್ಯಾಟಿನ್ ಕಲಿತೆ. ಫಾದರ್ ಆಗಲಿಲ್ಲ, ಲ್ಯಾಟಿನ್ ಮಾತ್ರ ಉಳಿಯಿತು. ಇಂಗ್ಲಿಷಿನವರಿಗೆ ಅದು ಕಬ್ಬಿಣದ ಕಡಲೆ. ನಮಗೆ ಅಷ್ಟಿಲ್ಲ. "ಪುಯೆಲ್ಲಾ ರೋಸಾಮ್ ಅಮಾತ್." ಹುಡುಗಿ ಗುಲಾಬಿಯನ್ನು ಪ್ರೀತಿಸುತ್ತಾಳೆ. ಪದದ ಮೇಲೆ ಪದ ಇಟ್ಟ ಹಾಗೆ ಕೂರುತ್ತೆ. "ಅನ್ನು" ಇರುವ ಕಡೆ "ಆಮ್". ಕ್ರಿಯಾಪದ ಕೊನೆಗೆ. "ಅವಳು" ಅಂತ ಬೇರೆ ಹೇಳಬೇಕಾಗಿಲ್ಲ.

ರೋಮನ್ನರ ಕಲ್ಲಿನ ಮೇಲೆಲ್ಲ ಎಸ್‌ಪಿಕ್ಯೂಆರ್ ಅಂತ ಇರುತ್ತಲ್ಲ, ಅದು "ಸೆನಾತುಸ್ ಪೊಪುಲುಸ್‌ಕ್ವೆ ರೋಮಾನುಸ್". ಆ "ಕ್ವೆ" ಪದದ ಬಾಲಕ್ಕೆ ಅಂಟಿಕೊಂಡಿದೆ ನೋಡಿ. ನಮ್ಮ "ಊ" ಇದ್ದ ಹಾಗೆ: ಸೆನೆಟ್ಟೂ ರೋಮಿನ ಜನರೂ. ಪ್ರಶ್ನೆ ಕೇಳೋಕೆ "ನೆ" ಸೇರಿಸಿದರೆ ಸಾಕು. "ಅಮಾತ್‌ನೆ?" ಅಂದರೆ "ಪ್ರೀತಿಸುತ್ತಾಳಾ?" ನಮ್ಮ ಫಾದರ್ ಇದನ್ನೆಲ್ಲ ಇಂಗ್ಲಿಷಿನಲ್ಲಿ ಕಲಿಸಿ ನಮ್ಮ ತಲೆ ತಿಂದರು. ಕನ್ನಡದಲ್ಲಿ ಹೇಳಿದ್ದರೆ ಒಂದು ವಾರದ ಕೆಲಸ. ಲಿಂಗ ಮಾತ್ರ ಕಾಡುತ್ತೆ. ಮೇಜು ಹೆಣ್ಣು ಅಂತ ನೆನಪಿಟ್ಟುಕೊಳ್ಳೋದು ನಮ್ಮ ಜಾಯಮಾನದಲ್ಲೇ ಇಲ್ಲ.

ಮಣ್ಣಂಗೈ:
ಈ "ಕ್ವೆ" ವಿಷಯ ನಂಗೆ ಇಷ್ಟು ವರ್ಷ ಹೊಳೆದೇ ಇರಲಿಲ್ಲ! ಧನ್ಯವಾದ ಸರ್. ಒಂದು ಸೇರಿಸ್ತೀನಿ. ಬರೀ ಲ್ಯಾಟಿನ್ ಸಾಲದು. ಸಂಶೋಧನೆ ಬರೆದಿರೋದು ಜರ್ಮನ್, ಇಟಾಲಿಯನ್, ಫ್ರೆಂಚ್‌ನಲ್ಲಿ. ಮಾತಾಡೋಕೆ ಬರದಿದ್ದರೂ ಓದೋಕೆ ಬರಲೇಬೇಕು. 1853ರಲ್ಲಿ ಜರ್ಮನ್ ಇತಿಹಾಸಕಾರ ಮೊಮ್ಸೆನ್ ಶುರು ಮಾಡಿದ ಲ್ಯಾಟಿನ್ ಶಾಸನಗಳ ದೊಡ್ಡ ಸಂಪುಟಗಳಲ್ಲಿ ಟಿಪ್ಪಣಿ ಕೂಡ ಲ್ಯಾಟಿನ್‌ನಲ್ಲೇ ಇದೆ. ಮೊದಲ ಸಲ ತೆರೆದಾಗ ನಾನು ಮೆಲ್ಲಗೆ ಮುಚ್ಚಿಟ್ಟು ಟೀ ಕುಡಿಯೋಕೆ ಹೋದೆ.

ಲೆಕ್ಕದವ:
ಎಲ್ಲ ಚೆನ್ನಾಗಿದೆ. ದುಡ್ಡಿನ ಮಾತು ತೇಲಿಸಿಬಿಟ್ಟಿರಿ.

ಮಣ್ಣಂಗೈ:
ತೇಲಿಸಿಲ್ಲ ಸರ್, ಇಗೋ.

ಇಂಗ್ಲೆಂಡಿನಲ್ಲಿ ಪಿಎಚ್‌ಡಿಗೆ ಮೂರೂವರೆ ನಾಲ್ಕು ವರ್ಷ. ಸರ್ಕಾರಿ ಸಂಶೋಧನಾ ವೇತನ ಸಿಕ್ಕರೆ 2024-25ರಲ್ಲಿ ವರ್ಷಕ್ಕೆ 19,237 ಪೌಂಡ್ ಇತ್ತು. ಒಬ್ಬಳು ಕೋಣೆ ಹಂಚಿಕೊಂಡು ಬದುಕಬಹುದು, ಊರಿಗೆ ಕಳಿಸೋಕೆ ಆಗಲ್ಲ. ಸಿಗದಿದ್ದರೆ ಹೋಗಲೇಬಾರದು. ಸಾಲ ಮಾಡಿ, ತೋಟ ಅಡ ಇಟ್ಟು ಈ ಪಿಎಚ್‌ಡಿ ಮಾಡೋಕೆ ಹೋಗಬೇಡಿ. ಇದೊಂದು ಮಾತನ್ನು ನಿಮ್ಮ ಭಾವನಿಗೆ ನನ್ನ ಕಡೆಯಿಂದ ಹೇಳಿ.

ಮುಗಿದ ಮೇಲೆ ಒಂದು ವರ್ಷ, ಎರಡು ವರ್ಷದ ಗುತ್ತಿಗೆ ಕೆಲಸಗಳು. ಒಂದು ಊರಲ್ಲಿ ಪಾತ್ರೆ ಜೋಡಿಸೋ ಹೊತ್ತಿಗೆ ಮುಂದಿನ ಊರು. ಕಾಯಂ ಪ್ರಾಧ್ಯಾಪಕ ಹುದ್ದೆ ಒಂದಿದ್ದರೆ ಜಗತ್ತಿನ ಎಲ್ಲ ಕಡೆಯಿಂದ ಅರ್ಜಿ ಬರುತ್ತೆ. ವಿಭಾಗಗಳೇ ಮುಚ್ಚುತ್ತಿವೆ. ಶೆಫೀಲ್ಡ್ ವಿಶ್ವವಿದ್ಯಾಲಯದ ಪುರಾತತ್ವ ವಿಭಾಗ ಅಷ್ಟು ಹೆಸರು ಮಾಡಿತ್ತು, 2021ರಲ್ಲಿ ಮುಚ್ಚುವ ತೀರ್ಮಾನ ಆಯ್ತು. ನನ್ನ ಜೊತೆ ಪಿಎಚ್‌ಡಿ ಮಾಡಿದ ಆರು ಜನರಲ್ಲಿ ವಿಶ್ವವಿದ್ಯಾಲಯದಲ್ಲಿ ಉಳಿದಿರೋದು ಒಬ್ಬ. ನಾನಲ್ಲ.

ನಾನಿರೋದು ಇನ್ನೊಂದು ಕಡೆ, ಇದು ನಮ್ಮವರಿಗೆ ಜಾಸ್ತಿ ಗೊತ್ತಿಲ್ಲ. 1990ರಲ್ಲಿ ಇಂಗ್ಲೆಂಡಿನಲ್ಲಿ ಹೊಸ ನಿಯಮ ಬಂತು. ಕಟ್ಟಡ ಕಟ್ಟೋ ಜಾಗದಲ್ಲಿ ಹಳೆಯದು ಇದ್ದರೆ ಕಟ್ಟುವವನೇ ದುಡ್ಡು ಕೊಟ್ಟು ಅಗೆಸಿ ದಾಖಲೆ ಮಾಡಿಸಬೇಕು. ಆಮೇಲೆ ಅದಕ್ಕೇ ಕಂಪನಿಗಳು ಹುಟ್ಟಿದವು. ಅಲ್ಲಿ ಪುರಾತತ್ವದ ಕೆಲಸ ಜಾಸ್ತಿ ಇರೋದು ಇಂಥ ಕಂಪನಿಗಳಲ್ಲೇ. ಮಳೆ, ಕೆಸರು, ತಲೆಗೆ ಹೆಲ್ಮೆಟ್, ಹಿಂದೆ ಜೆಸಿಬಿ. ಸಂಬಳ ಕಡಿಮೆ. ಕೆಲಸದ ವೀಸಾಕ್ಕೆ ಬೇಕಾದ ಸಂಬಳದ ಸಾಮಾನ್ಯ ಮಿತಿಯನ್ನು 2024ರ ಏಪ್ರಿಲ್‌ನಲ್ಲಿ 38,700 ಪೌಂಡಿಗೆ ಏರಿಸಿದರು, ಹೊಸದಾಗಿ ಗುಂಡಿಗೆ ಇಳಿಯುವವರಿಗೆ ಅಷ್ಟು ಸಿಗಲ್ಲ. ಹೊರಗಿನಿಂದ ಬರುವವರಿಗೆ ದೊಡ್ಡ ಅಡ್ಡಿ ಇದೇ. ಲ್ಯಾಟಿನ್ ಅಲ್ಲ.

ನೀವು ಲೆಕ್ಕದವರು, ನಿಮಗೊಂದು ಕಥೆ. ಲಂಡನ್ನಿನಲ್ಲಿ ಬ್ಲೂಮ್‌ಬರ್ಗ್ ಕಂಪನಿ ಕಚೇರಿ ಕಟ್ಟುವಾಗ ಹೀಗೇ ಅಗೆದರು. ಹಳೇ ಹೊಳೆಯ ಒದ್ದೆ ಕೆಸರಿನಲ್ಲಿ ಮರದ ಹಲಗೆಗಳು ಸಿಕ್ಕವು, 405. ಆಗ ಹಲಗೆಗೆ ಮೇಣ ಬಳಿದು ಕಬ್ಬಿಣದ ಕಡ್ಡಿಯಲ್ಲಿ ಗೀರಿ ಬರೆಯುತ್ತಿದ್ದರು. ಮೇಣ ಹೋಗಿದೆ. ಆದರೆ ಒತ್ತಿ ಬರೆದ ಕಡೆ ಕಡ್ಡಿ ಮರಕ್ಕೂ ತಾಗಿದೆ. ಪಕ್ಕದಿಂದ ಬೆಳಕು ಬಿಟ್ಟು, ಆ ಗೀರಿನ ನೆರಳು ಹಿಡಿದು ರಾಜರ್ ಟಾಮ್ಲಿನ್ ಅನ್ನುವವರು ಓದಿದರು. ಒಂದರ ಮೇಲೆ ತಾರೀಖು ಇದೆ: ಕ್ರಿ.ಶ. 57, ಜನವರಿ 8. ಟಿಬುಲ್ಲುಸ್ ಅನ್ನುವ ಬಿಡುಗಡೆಯಾದ ಗುಲಾಮ, ಗ್ರಾತುಸ್ ಅನ್ನುವವನಿಗೆ, ತಗೊಂಡ ಸರಕಿನ ಬಾಬ್ತು 105 ದಿನಾರಿ (ರೋಮನ್ ಬೆಳ್ಳಿ ನಾಣ್ಯ) ಕೊಡಬೇಕು ಅಂತ ಬರೆದುಕೊಟ್ಟಿದ್ದಾನೆ. ಲಂಡನ್ ಊರಾಗಿ ಆಗಿನ್ನೂ ಹತ್ತು ವರ್ಷ.

ಲೆಕ್ಕದವ:
ಅಂದರೆ ಪ್ರೋನೋಟು! ತೀರಿಸಿದನಾ?

ಮಣ್ಣಂಗೈ:
ರಸೀದಿ ಸಿಕ್ಕಿಲ್ಲ. ಮೂರು ನಾಲ್ಕು ವರ್ಷಕ್ಕೆ ಬ್ರಿಟನ್ನಿನ ಬೂಡಿಕಾ ರಾಣಿ ರೋಮನ್ನರ ಮೇಲೆ ದಂಗೆ ಎದ್ದು ಊರನ್ನೇ ಸುಟ್ಟಳು, ಸಾಲದ ಪಾಡು ಏನಾಯಿತೋ.

ಲೆಕ್ಕದವ:
ಬಿ.ಎಡ್. ಮಾಡಿಸಿ ಅಂತ ಹೇಳಿದ್ದು ಹಾಗೇ ಇರಲಿ. ಆದರೆ ಆ ಹಲಗೆಯ ಫೋಟೋ ಎಲ್ಲಾದರೂ ಸಿಗುತ್ತಾ?

ಆ ಹುಡುಗಿ:
ನಾನೇ ಆ ಅಕ್ಕನ ಮಗಳು. ಮಾವ ಇವತ್ತು ಬೆಳಿಗ್ಗೆ ಲಿಂಕ್ ಕಳಿಸಿದರು. ನನ್ನನ್ನು ಕೇಳದೆ ಊರಿಗೆಲ್ಲ ಡಂಗುರ ಸಾರಿದ್ದಾರೆ, ಇರಲಿ.

ಯಾಕೆ ರೋಮ್ ಅಂತ ಎಲ್ಲರೂ ಕೇಳ್ತೀರಿ. ಗ್ಲಾಡಿಯೇಟರ್ ಅಲ್ಲ. ಉತ್ತರ ಇಂಗ್ಲೆಂಡಿನಲ್ಲಿರುವ ವಿಂಡೋಲಾಂಡ ಅನ್ನುವ ರೋಮನ್ ಕೋಟೆಯ ಮರದ ಪತ್ರಗಳ ಫೋಟೋ ನೋಡಿದ್ದೆ. ಒಬ್ಬ ದಂಡನಾಯಕನ ಹೆಂಡತಿ ಕ್ಲಾಡಿಯಾ ಸೆವೆರಾ, ಇನ್ನೊಬ್ಬನ ಹೆಂಡತಿ ಸುಲ್ಪಿಸಿಯಾ ಲೆಪಿಡಿನಾಗೆ, ನನ್ನ ಹುಟ್ಟುಹಬ್ಬಕ್ಕೆ ಬಾ ಅಂತ ಬರೆಸಿದ್ದಾಳೆ. ಕ್ರಿ.ಶ. 100ರ ಆಸುಪಾಸು. ಪತ್ರ ಪೂರ್ತಿ ಗುಮಾಸ್ತನ ಚೆಂದದ ಅಕ್ಷರ. ಕೆಳಗೆ ಬಲಗಡೆ ಮೂಲೆಯಲ್ಲಿ ಮಾತ್ರ ಬೇರೆ ಕೈ. ಅಕ್ಷರ ಸೊಟ್ಟ, ಸಾಲು ಒತ್ತೊತ್ತು. ನಿನಗಾಗಿ ಕಾಯ್ತಿರ್ತೀನಿ ತಂಗಿ ಅಂತ ಅವಳೇ ಕೈಯಾರೆ ಸೇರಿಸಿದ್ದಾಳೆ. ನಮ್ಮಜ್ಜಿ ಇನ್‌ಲ್ಯಾಂಡ್ ಲೆಟರನ್ನು ಅಮ್ಮನ ಹತ್ತಿರ ಬರೆಸಿ, ಕೊನೆಗೆ ತಾವೇ ಒಂದು ಸಾಲು ಗೀಚುತ್ತಿದ್ದರು. ಅದೇ ಥರ. ನನಗೆ ಆ ಸೊಟ್ಟ ಅಕ್ಷರವನ್ನು ಓದೋಕೆ ಕಲಿಯಬೇಕು, ಅಷ್ಟೇ.

ಸಾಲ ಮಾಡಲ್ಲ ಅಂತ ಅಪ್ಪನಿಗೆ ಮೊದಲೇ ಹೇಳಿದ್ದೀನಿ. ಇಲ್ಲೇ ಎಂ.ಎ. ಮುಗಿಸಿ, ಅಷ್ಟರಲ್ಲಿ ಲ್ಯಾಟಿನ್ ಕಲಿತು, ಫೆಲಿಕ್ಸ್ ಅಥವಾ ಕಾಮನ್‌ವೆಲ್ತ್ ವಿದ್ಯಾರ್ಥಿವೇತನಕ್ಕೆ ಹಾಕ್ತೀನಿ. ಸಿಗದಿದ್ದರೆ ಚಂದ್ರವಳ್ಳಿ ಇದ್ದೇ ಇದೆ, ನಾಣ್ಯದ ಅಂಕಲ್ ಬೇಜಾರು ಮಾಡ್ಕೋಬಾರದು. ಫಾದರ್ ಆಗದ ಸರ್, ವಾರಕ್ಕೆ ಒಂದು ಗಂಟೆ ಫೋನಿನಲ್ಲಿ ಕಲಿಸ್ತೀರಾ? ಕನ್ನಡದಲ್ಲೇ.

ಫಾದರ್ ಆಗದವ:
ಭಾನುವಾರ ಪೂಜೆ ಮುಗಿದ ಮೇಲೆ. ಮೇಜು ಹೆಣ್ಣು ಅಂತ ಬಾಯಿಪಾಠ ಮಾಡಿಕೊಂಡು ಬಾ.

ಮಣ್ಣಂಗೈ:
ಪುಟ್ಟಿ, ಆ ಪತ್ರಗಳನ್ನು 1973ರಲ್ಲಿ ಅಲ್ಲಿ ಅಗೆಯುತ್ತಿದ್ದ ರಾಬಿನ್ ಬರ್ಲಿ ಮೊದಲು ನೋಡಿದಾಗ ಮರದ ಹೆರೆ ಅಂದುಕೊಂಡಿದ್ದರು. ಎರಡು ತುಂಡು ಅಂಟಿಕೊಂಡಿದ್ದವು, ಬಿಡಿಸಿದಾಗ ಒಳಗೆ ಅಕ್ಷರ. ಗಾಳಿ ತಾಗಿ ಮಸಿ ಬೇಗ ಮಾಸಿಹೋಯ್ತು, ಆಮೇಲೆ ಇನ್‌ಫ್ರಾರೆಡ್ ಫೋಟೋದಲ್ಲಿ ಮತ್ತೆ ಬಂತು. ಅಲ್ಲಿ ಈಗಲೂ ಪ್ರತಿ ವರ್ಷ ಅಗೆಯುತ್ತಾರೆ, ಸ್ವಯಂಸೇವಕರನ್ನೂ ತಗೋತಾರೆ. ಅರ್ಜಿ ಶುರುವಾದ ದಿನವೇ ಹಾಕು, ಜಾಗ ಬೇಗ ತುಂಬುತ್ತೆ.

ನಾನು ಮಾಡಿದ ತಪ್ಪೊಂದು ಹೇಳ್ತೀನಿ, ನೀನು ಮಾಡಬೇಡ. ನನ್ನ ಮೊದಲ ವರ್ಷ ಚೀಲದ ಚೀಟಿಗಳನ್ನು ಮಾಮೂಲಿ ಪೆನ್ನಿನಲ್ಲಿ ಬರೆದಿದ್ದೆ. ರಾತ್ರಿ ಮಳೆ ಬಂತು. ಬೆಳಿಗ್ಗೆ ಹನ್ನೊಂದು ಚೀಲದ ಮೇಲೆ ಬರೀ ನೀಲಿ ಕಲೆ. ಯಾವ ಪದರದ ಚೂರು ಯಾವುದು ಅಂತ ಹೇಳೋಕೆ ಬರದೆ ಹನ್ನೊಂದೂ ಲೆಕ್ಕದಿಂದ ಹೊರಗೆ ಹೋದವು. ಪದರದ ನಂಬರ್ ಇಲ್ಲದ ಚೂರು ಬರೀ ಬೋಕಿ. ನೀರಿಗೆ ಹೋಗದ ಪೆನ್ನು ತಗೋ, ಎರಡು ತಗೋ. ಮಂಡಿಗೆ ಪ್ಯಾಡ್ ತಗೋ. ಊರಿಂದ ಚಟ್ನಿಪುಡಿ ತರೋದು ಮರೀಬೇಡ.

ಮಾವನಿಗೆ ಒಂದು ಮಾತು. ಅದೇ ಕೋಟೆಯ ಇನ್ನೊಂದು ಹಲಗೆಯಲ್ಲಿ ಸಿಪಾಯಿಗಳ ಖರೀದಿ ಲೆಕ್ಕ ಇದೆ. ತಪ್ಪೊ ಅನ್ನುವವನ ಮಗ ಗಾಂಬಾಕ್ಸ್, ಮೆಣಸು, 2 ದಿನಾರಿ. ನಮ್ಮ ಪಶ್ಚಿಮ ಕರಾವಳಿಯಿಂದ ಹಡಗು ಹತ್ತಿದ ಮೆಣಸು.

ಲೆಕ್ಕದವ:
ಎರಡು ದಿನಾರಿಗೆ ಎಷ್ಟು ಮೆಣಸು ಬರುತ್ತಿತ್ತು?

ಮಣ್ಣಂಗೈ:
ಕರಿಮೆಣಸು ಪೌಂಡಿಗೆ 4 ದಿನಾರಿ ಅಂತ ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ರೋಮನ್ ಪೌಂಡ್ ಅಂದರೆ ಸುಮಾರು 327 ಗ್ರಾಂ. ಈ ಲೆಕ್ಕ ಬರೆದ ಕಾಲಕ್ಕೆ ಲೀಜನ್ (ರೋಮನ್ ಸೇನೆಯ ದೊಡ್ಡ ದಳ) ಸಿಪಾಯಿಗೆ ವರ್ಷಕ್ಕೆ 300 ದಿನಾರಿ ಸಂಬಳ.

ಲೆಕ್ಕದವ:
ಹಾಗಾದರೆ 160 ಗ್ರಾಂ ಚಿಲ್ಲರೆ. ಸುಮಾರು ಎರಡೂವರೆ ದಿನದ ಸಂಬಳ. ಅದೂ ಕೋಟೆವರೆಗೆ ಸಾಗಣೆ ಸೇರಿಸದೆ.

ತುಂಗಾತೀರ:
ಇದನ್ನು ಭಾವನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ "ಬೆಳೆದವನಿಗೆ ಎಷ್ಟು ಕೊಟ್ಟರಂತೆ?" ಅಂತ ಕೇಳಿದರು. ಅವಳು ಅದನ್ನು ಹುಡುಕಿ ಹೇಳ್ತೀನಿ ಅಂದಿದ್ದಾಳೆ.